ಆರನೇ ಇಯತ್ತೆಯ ಬ್ಯಾಲೆ

ಹಾಡುವುದನ್ನು ಹೇಗೋ ಕಲಿಸಬಹುದು. ಕೇಳುವುದನ್ನು ಕಲಿಸುವುದಿದೆಯಲ್ಲ, ಅದು ಹಸಿವನ್ನು ಕಲಿಸಿದ ಹಾಗೆ. ಇದ್ದವರಿಗೆ ಕಲಿಸಬೇಕಾಗಿಲ್ಲ, ಇಲ್ಲದವರ ಬಾಯಿಗೆ ತುರುಕಿದರೆ ಉಗುಳುತ್ತಾರೆ. ಧಾರವಾಡದಲ್ಲಿ ಹಾಡು ಕಲಿತು, ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆಗಿರುವ ನಾನು ಇದನ್ನು ಪೆಟ್ಟು ತಿಂದೇ ಹೇಳುತ್ತಿದ್ದೇನೆ. ಹನ್ನೊಂದು ವರ್ಷದ ಮಕ್ಕಳ ಮುಂದೆ ಕೂತು ಒಮ್ಮೆ ಯಮನ್ ರಾಗ ಹಾಡಿ ನೋಡಿ. ಪಾಪ, ಈಕೆಗೆ ಏನೋ ಆಗಿದೆ ಎಂಬಂತೆ ನೋಡುತ್ತಾರೆ.

ಈ ವರ್ಷ ನಮ್ಮ ಪ್ರಿನ್ಸಿಪಾಲ್ ದೇಶಮುಖ ಮೇಡಂ ಆರನೇ ಇಯತ್ತೆಗೆ, ಅಂದರೆ ಆರನೇ ತರಗತಿಗೆ, ಇದ್ದ ಸಂಗೀತದ ಪೀರಿಯಡ್ ತೆಗೆದು ರೋಬೋಟ್ ಪಾಠಕ್ಕೆ ಕೊಡುವುದೆಂದು ಹೊರಟರು. ನಾನು ಗೋಗರೆದೆ. ಕೊನೆಗೆ ಒಂದು ಷರತ್ತಿಗೆ ಒಪ್ಪಿದರು. ಈಗಿನ ಮಕ್ಕಳು ಕಣ್ಣಿಗೆ ಏನಾದರೂ ಬೀಳದೆ ಕಿವಿ ತೆರೆಯುವುದಿಲ್ಲ, ಪರದೇಶದಲ್ಲಿ ಬ್ಯಾಲೆ ತೋರಿಸಿ ಸಂಗೀತ ಕೇಳಿಸುತ್ತಾರಂತೆ, ನೀವೂ ಹಾಗೆ ಮಾಡಿ, ಪರೀಕ್ಷೆಗೆ ಮುಂಚೆ ನಾನೇ ಬಂದು ಕೂತು ನೋಡುತ್ತೇನೆ ಎಂದರು. ಬ್ಯಾಲೆ ಎಂದರೆ ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದು ಎಂಬುದರಾಚೆ ನನಗೆ ಏನೂ ಗೊತ್ತಿರಲಿಲ್ಲ. ಆದರೂ ಮರಾಠಿಯಲ್ಲಿ ‘ಹೋ ಮ್ಯಾಡಂ’ ಎಂದು ಒಪ್ಪಿಕೊಂಡು ಬಂದೆ. ಪೀರಿಯಡ್ ಹೋದರೆ ನನ್ನ ನೌಕರಿಯೂ ಅದರ ಹಿಂದೆಯೇ ಹೋಗುವುದಿತ್ತು.

ನನ್ನ ಗಂಡ ಚಾಕಣದ ಕಾರಿನ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆ ಮಾಡುವವರು. “ಭಾಳ ವಿಚಾರ ಮಾಡಬ್ಯಾಡ. ಎಲ್ಲಿ ಓಡತಾರ, ಎಲ್ಲಿ ನಿಲ್ಲತಾರ, ಅಷ್ಟ ನೋಡು,” ಎಂದು ಉಪದೇಶ ಮಾಡಿ ಟಿವಿ ಹಚ್ಚಿದರು. ಸಿಟ್ಟು ನೆತ್ತಿಗೇರಿತು. ಆದರೆ ಬೇರೆ ದಾರಿಯೂ ಹೊಳೆಯಲಿಲ್ಲ.

ಮೊದಲ ಪಾಠ ನರ್ತಕನ ಬಿಗಿ ಪೈಜಾಮದಲ್ಲೇ ಮುಗಿಯಿತು. ತರಗತಿಯ ಪರದೆಯ ಮೇಲೆ ಆತ ಬಂದ, ಮಕ್ಕಳು ನಕ್ಕರು. ಹೋದ, ಆಗಲೂ ನಕ್ಕರು. ಮುಂದಿನ ವಾರ ನಾನು ಚಿತ್ರ ಮುಚ್ಚಿ ಬರೀ ವಾದ್ಯ ಕೇಳಿಸಿದೆ. ನರ್ತಕರು ಈಗ ಓಡುತ್ತಿದ್ದಾರೋ, ಅಳುತ್ತಿದ್ದಾರೋ, ಎಲ್ಲಿ ಬಂದು ನಿಲ್ಲುತ್ತಾರೋ ಕಿವಿಯಿಂದಲೇ ಊಹಿಸಿ, ನಿಲ್ಲುವಲ್ಲಿ ತೊಡೆಯ ಮೇಲೆ ಮೆಲ್ಲಗೆ ಕೈ ಇಡಿ ಎಂದೆ. ಆಮೇಲೆ ಚಿತ್ರ ಹಚ್ಚಿ ತಾಳೆ ನೋಡುವುದು. ಪಂದ್ಯವೆಂದರೆ ಮಕ್ಕಳು ಬಿಟ್ಟಾರೆಯೇ? ಪೈಜಾಮ ಮರೆತೇಹೋಯಿತು. ಜೊತೆಗೆ ನಾನು ಕಟ್ಟಪ್ಪಣೆ ಮಾಡಿದ್ದೆ: ಬ್ಯಾಲೆ ನೋಡುವವರು ಪಿಟ್ಟೆನ್ನಬಾರದು, ಕೆಮ್ಮಿದರೂ ಮರ್ಯಾದೆ ಹೋಗುತ್ತದೆ. ಯಾವ ಥಿಯೇಟರಿನಲ್ಲಿ ಕೂತು ಬಂದಿದ್ದೆನೋ ನಾನು!

ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತ ದಿನ ಮಕ್ಕಳು ಹೇಳಿದಂತೆಯೇ ಕೂತಿದ್ದರು, ಮಿಸುಕಾಟವಿಲ್ಲ. ಆ ಮೌನ ನೋಡಿ ನನಗೇ ಭಯವಾಯಿತು. ಇವರು ಕೇಳುತ್ತಿದ್ದಾರೆಂದು ಮೇಡಂಗೆ ತಿಳಿಯುವುದಾದರೂ ಹೇಗೆ? ಅವರು ಆಗಲೇ ಎರಡು ಸಲ ಗಡಿಯಾರ ನೋಡಿದ್ದರು. ಪರದೆಯ ಮೇಲೆ ನರ್ತಕಿ ಗಿರಗಿರನೆ ತಿರುಗಿ, ಒಂಟಿ ಕಾಲಿನ ತುದಿಯಲ್ಲಿ ಗಕ್ಕನೆ ನಿಂತಳು. ನನ್ನ ಕೈ ತಾನಾಗಿ ತೊಡೆಗೆ ಬಡಿಯಿತು, ಬಾಯಿಂದ “ವ್ಹಾ!” ಎಂದು ಹೊರಬಿತ್ತು. ಏನು ಮಾಡಲಿ, ನಮ್ಮ ಧಾರವಾಡದ ಹಾಡಿನ ಬೈಠಕಿನಲ್ಲಿ ತಾಳ ಒಂದು ಸುತ್ತು ಮುಗಿಸಿ ಸಮ್ ಬಿದ್ದಾಗ ‘ವ್ಹಾ’ ಎನ್ನದವನನ್ನು ನಿದ್ದೆ ಹೋಗಿದ್ದಾನೆಂದು ತಟ್ಟಿ ಎಬ್ಬಿಸುತ್ತಾರೆ.

ತರಗತಿಯೆಲ್ಲ ನನ್ನತ್ತ ತಿರುಗಿತು. ಮುಂದಿನ ಬೆಂಚಿನ ಅನ್ವಿತಾ ಬೆಳಗಾವಿಯವರ ಮಗಳು. ತುಟಿಗೆ ಬೆರಳಿಟ್ಟು, ನಮ್ಮಿಬ್ಬರ ಭಾಷೆಯಲ್ಲೇ ಪಿಸುಗುಟ್ಟಿದಳು. “ಸುಮ್ಮ ಕೂಡ್ರಿ ಮಿಸ್. ಅದು ಇನ್ನೂ ಮುಗದಿಲ್ಲ.”

ನಿಜ, ಮುಗಿದಿರಲಿಲ್ಲ. ಕಾಲು ನಿಂತಿತ್ತು, ರಾಗ ನಿಂತಿರಲಿಲ್ಲ. ಪಿಟೀಲು ಇನ್ನೂ ಮೇಲೆಯೇ ತೂಗಾಡುತ್ತಿತ್ತು. ನರ್ತಕಿ ಮತ್ತೆ ತಿರುಗಿದಳು, ರಾಗ ಇಳಿದು ಮನೆ ಮುಟ್ಟಿತು, ಅಷ್ಟೂ ಮಕ್ಕಳ ಕೈಗಳು ಒಟ್ಟಿಗೆ ತೊಡೆಯ ಮೇಲೆ ಬಂದು ಕೂತವು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಅವಮಾನಕ್ಕೆ.

ಪೀರಿಯಡ್ ಉಳಿಯಿತು. ಮಕ್ಕಳು ಚೆನ್ನಾಗಿ ಕೇಳುತ್ತಾರೆ ಎಂದು ಮೇಡಂ ಮೆಚ್ಚಿ ಹೇಳಿದರು, ದೊಡ್ಡ ಮನಸ್ಸು ಮಾಡಿ ನನ್ನ ‘ವ್ಹಾ’ದ ಮಾತೆತ್ತಲಿಲ್ಲ. ಅಂದಿನಿಂದ ನನ್ನ ಧೈರ್ಯ ಉಡುಗಿದೆ. ಈಗ ಯಾವ ಸಂಗೀತ ಕಚೇರಿಗೆ ಹೋದರೂ ಪಕ್ಕದವರು ‘ವ್ಹಾ’ ಎನ್ನುವ ತನಕ ಕಾಯುತ್ತೇನೆ. ಮೊನ್ನೆ ಧಾರವಾಡದಲ್ಲಿ ಪಕ್ಕದಲ್ಲಿ ಕೂತ ಹಿರಿಯರೂ ಸುಮ್ಮನೇ ಇದ್ದರು. ಮಧ್ಯಂತರದಲ್ಲಿ ವಿಚಾರಿಸಿದರೆ, “ನೀವು ಸಂಗೀತದ ಟೀಚರಂತಲ್ಲ, ನೀವು ಅಂದ ಮ್ಯಾಲೆ ಅನ್ನೋಣಂತ ಕೂತಿದ್ದೆರೀ,” ಎಂದರು.