ನಾಲ್ಕನೇ ಪ್ರಶ್ನೆಯ ರೊಟ್ಟಿ

ಕಳೆದ ಮಂಗಳವಾರ ಮಧ್ಯಾಹ್ನ, ವನದುರ್ಗ ದಾಟಿದರೆ ಸಿಗುವ ಒಂದು ಶಾಲೆಯ ಆರನೇ ತರಗತಿಯಲ್ಲಿ, ನಾನು ತಿದ್ದಿದ ಸಾಲೊಂದು ತಪ್ಪೆಂದು ಸಾಬೀತಾಯಿತು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಜೀವನವಿಡೀ ಇತರರ ತಪ್ಪು ತಿದ್ದಿದವನಿಗೆ ಇದು ಒಳಪುಟದ ಸುದ್ದಿಯಲ್ಲ.

ನನ್ನ ಹೆಂಡತಿ ಶಾಂತಾ ಅಲ್ಲಿ ಗಣಿತ, ವಿಜ್ಞಾನ ಕಲಿಸುತ್ತಾಳೆ. ಅವಳೂ ಸುರಪುರದ ಇಬ್ಬರು ಶಿಕ್ಷಕರೂ ಸೇರಿ ಮಕ್ಕಳಿಗಾಗಿ ತಂತ್ರಾಂಶ ಸಿದ್ಧಪಡಿಸುತ್ತಾರೆ. ಅದು ಉಚಿತ, ಒಳಗಿನ ಕೋಡ್ ಕೂಡ ತೆರೆದೇ ಇರುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು. ತಿದ್ದಬಹುದು ಎಂದರೆ ನನ್ನನ್ನೂ ತಿದ್ದಬಹುದು ಎಂದು ನನಗೆ ಹೊಳೆದಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಭಾಷೆ. ಭಿನ್ನರಾಶಿಯ ಪಾಠವನ್ನು ಸುದ್ದಿಯ ಶಿಸ್ತಿನಲ್ಲೇ ತಿದ್ದಿದೆ. ಹೆಚ್ಚಿನ ಪದ ಕಂಡರೆ ಕತ್ತರಿಸುವುದು ನನ್ನ ಹಳೆಯ ಚಟ. ಒಮ್ಮೆ ಜಾಗ ಸಾಲದೆಂದು ಒಂದು ಸುದ್ದಿಯಲ್ಲಿ 'ಮಾಜಿ' ತೆಗೆದಿದ್ದೆ. ಮರುದಿನ ನಮ್ಮ ಯಾದಗಿರಿ ಕಚೇರಿಗೆ ಒಂದೇ ಸಂಘದ ಇಬ್ಬರು ಅಧ್ಯಕ್ಷರು ಬಂದಿದ್ದರು. ಆದರೂ ಪಾಠದ ನಾಲ್ಕನೇ ಪ್ರಶ್ನೆಯ ಬಗ್ಗೆ ನನಗೆ ಹೆಮ್ಮೆಯಿತ್ತು: 'ಅಪ್ಪ, ಅವ್ವ, ಇಬ್ಬರು ಮಕ್ಕಳು ಬುಟ್ಟಿಯ ರೊಟ್ಟಿ ಹಂಚಿಕೊಂಡು ಉಂಡರು. ಅವ್ವನಿಗೆ ಎಷ್ಟನೇ ಭಾಗ?'

ಶನಿವಾರ ಸುರಪುರದಲ್ಲಿ ತಾಲ್ಲೂಕಿನ ಶಿಕ್ಷಕರಿಗೆ ಈ ಪಾಠ ತೋರಿಸಬೇಕಿತ್ತು. ಅವರು ಒಪ್ಪಿದರೆ ಮಾತ್ರ ಶಾಂತಾಳ ಎರಡು ವರ್ಷದ ಕೆಲಸ ಬೇರೆ ಶಾಲೆಗಳಿಗೂ ಹೋಗುತ್ತದೆ. ಅದಕ್ಕೇ ಮಂಗಳವಾರ ಮಕ್ಕಳ ಕೈಯಲ್ಲಿ ಪಾಠದ ಪರೀಕ್ಷೆ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸರಿ ಉತ್ತರ ಕೊಡದೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಇಡೀ ತರಗತಿ ನಾಲ್ಕರಲ್ಲೇ ನಿಂತುಬಿಟ್ಟಿತು.

"ಏನ್ ಹಾಕಾಕತ್ತೀಯವ್ವ?" ಎಂದು ಶಾಂತಾ ರೇಣುಕಾ ಎಂಬ ಹುಡುಗಿಯನ್ನು ಕೇಳಿದಳು.

"ಸೊನ್ನಿ ಹಾಕಿದೆರಿ ಟೀಚರ್. ತಪ್ಪ ಅನ್ನಾಕತ್ತೈತಿ."

"ಸೊನ್ನಿ ಯಾಕ?"

"ನಾವು ಮೂರೂ ಮಂದಿ ಉಂಡ ಮ್ಯಾಲ ಅವ್ವ ಉಣ್ತಾಳ್ರಿ. ಉಳಿದ್ರ."

ಪಕ್ಕದವಳು ಬಾಯಿ ಹಾಕಿದಳು. "ನಮ್ಮವ್ವ ಮುರಕ ರೊಟ್ಟಿ ಅಷ್ಟ ತಿಂತಾಳ್ರಿ. ಮುರಕಿಗಿ ಇದ್ರಾಗ ಬಟನ್ನ ಇಲ್ಲ."

ಶಾಂತಾ ನನ್ನ ಕಡೆ ತಿರುಗಿದಳು. "'ಸಮನಾಗಿ' ಅಂತ ನಾ ಬರದಿದ್ದೆ. ಎಲ್ಲಿ ಹೋತ್ರಿ ಅದು?"

"ಹೆಚ್ಚಿಗಿ ಅನಿಸ್ತು. ತಗದೆ."

"ನಿಮಗ ಹೆಚ್ಚಿಗಿ ಅನಿಸೂದ, ಬಿಡ್ರಿ."

ಆ ಪದವನ್ನು ರೇಣುಕಾಳೇ ಕೀಲಿ ಒತ್ತಿ ವಾಪಸು ಸೇರಿಸಿದಳು. ಐದು ನಿಮಿಷದಲ್ಲಿ ತರಗತಿ ಐದನೇ ಪ್ರಶ್ನೆಗೆ ಹೋಯಿತು. ತಂತ್ರಾಂಶದಲ್ಲಿ ತಿದ್ದಿದವರ ಹೆಸರಿನ ಪಟ್ಟಿಯಿದೆ; ನನ್ನ ಹೆಸರಿನ ಕೆಳಗೆ ಈಗ ಅವಳದಿದೆ. ಶನಿವಾರ ಸುರಪುರದಲ್ಲಿ ತಾಲ್ಲೂಕಿನ ಶಿಕ್ಷಕರು ಪಾಠವನ್ನು ಒಪ್ಪಿದರು. ಹನ್ನೊಂದು ಶಾಲೆಯವರು ಅಲ್ಲೇ ಇಳಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಶಾಂತಾ ಕೇಳಿದಳು. "ನಮ್ಮ ಮನ್ಯಾಗ ಇಬ್ರ ಅದೀವಿ. ನನ್ನ ಪಾಲೆಷ್ಟ್ರಿ?"

"ಅರ್ಧ," ಎಂದೆ, ತಡವರಿಸದೆ. ಈ ಸಲ ಲೆಕ್ಕ ಪಕ್ಕಾ ಇತ್ತು.

"ತಿನ್ನೂದ್ರಾಗ ಹೌದ್ರಿ. ರೊಟ್ಟಿ ಬಡಿಯೂದ್ರಾಗ?"

ಇದನ್ನು ಬರೆಯುವ ಹೊತ್ತಿಗೆ ನಾನು ಬಡಿದ ರೊಟ್ಟಿ ಎರಡು. ಎರಡೂ ಮುರುಕು.