ಸಾಲಿನ ಮೊದಲ ಫೋನು

ಲೈಲ್ ಪೆನ್ನರನ ಕಷ್ಟಕ್ಕೆಲ್ಲ ಕಾರಣ ಅವನ ಮೇಜು ಬಾಗಿಲ ಪಕ್ಕದಲ್ಲಿದ್ದದ್ದು. ವಿನಿಪೆಗ್‌ನಲ್ಲಿ ಮನೆ ಕಾಯಿಸುವ ಫರ್ನೇಸುಗಳನ್ನು ರಿಪೇರಿ ಮಾಡುವ ಆ ಕಂಪನಿಗೆ ಹೊಸ ಫೋನುಗಳು ಬಂದ ದಿನ, ಅವನ್ನು ಕೂರಿಸಲು ಬಂದ ಗಾರ್ಥ್ ಬಾಗಿಲಿನಿಂದಲೇ ಎಣಿಸಲು ಶುರುಮಾಡಿದ. ಲೈಲನ ಫೋನು ಒಂದು, ಡೋರೀನಳದು ಎರಡು, ಗೋಡೆ ಕಡೆಯ ಇಬ್ಬರದು ಮೂರು, ನಾಲ್ಕು. ಕಂಪನಿಯ ನಂಬರಿಗೆ ಯಾರೇ ಕರೆ ಮಾಡಲಿ, ಮೊದಲು ಒಂದರಲ್ಲಿ ಗಂಟೆ. ಒಂದನೆಯದು ಮಾತಿನಲ್ಲಿದ್ದರೆ ಎರಡರಲ್ಲಿ, ಅದೂ ಮಾತಿನಲ್ಲಿದ್ದರೆ ಮೂರರಲ್ಲಿ. ನಾಲ್ಕರವರೆಗೆ ಹೋಗಬೇಕಾದರೆ ಊರಿಗೆ ಊರೇ ಹೆಪ್ಪುಗಟ್ಟಬೇಕಿತ್ತು.

ಅಂದಿನಿಂದ ಒಂಬತ್ತು ವರ್ಷ, ಚಳಿಯಲ್ಲಿ ನಡುಗುವವರ ಬೈಗುಳವೆಲ್ಲ ಮೊದಲು ಲೈಲನ ಕಿವಿಗೇ ಬಿತ್ತು. ಅಷ್ಟರಲ್ಲಿ ಡೋರೀನ್ ಆಫೀಸಿನಲ್ಲೇ ಹನ್ನೊಂದು ಸ್ವೆಟರ್ ಹೆಣೆದಳು. ಒಂದನ್ನು ಲೈಲನಿಗೂ ಕೊಟ್ಟಳು, ತೋಳು ಗಿಡ್ಡವಾಗಿತ್ತು.

ಕೊನೆಗೂ ಅವನಿಗೊಂದು ದಾರಿ ಕಂಡಿತು. ಸತ್ತವರ ಅಂತ್ಯಕ್ರಿಯೆ ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಫೋನ್ ಎತ್ತುವ ಕೆಲಸ. ದಿನಕ್ಕೆ ನಾಲ್ಕೇ ಕರೆ, ಮಾಡುವವರೂ ಮೆಲ್ಲಗೆ ಮಾತಾಡುತ್ತಾರೆ. ಒಡತಿ ಮಿಸೆಸ್ ಸಿಗರ್ಡ್‌ಸನ್ ಅರ್ಜಿ ನೋಡಿ ಮುಕ್ಕಾಲು ಪಾಲು ಒಪ್ಪಿದ್ದರು. "ನೀವು ಫೋನ್ ಎತ್ತೋ ರೀತಿ ಒಂದು ನೋಡ್ಬೇಕು. ಮಂಗಳವಾರ ಯಾವಾಗಲಾದ್ರೂ ನೀವು ಕೊಟ್ಟ ನಂಬರಿಗೆ ಮಾಡ್ತೀನಿ. ಎತ್ತಿ ಮಾತಾಡಿ, ಅಷ್ಟೇ," ಎಂದಿದ್ದರು. ಇನ್ನೊಂದು ಚಳಿಗಾಲ ಅದೇ ಕುರ್ಚಿಯಲ್ಲಿ ಕಳೆದರೆ ತನಗೇ ಆ ಸಂಸ್ಥೆಯ ಸೇವೆ ಬೇಕಾಗುತ್ತದೆಂದು ಲೈಲನಿಗೆ ಖಾತ್ರಿಯಿತ್ತು.

ಮಂಗಳವಾರ ಬೆಳಗ್ಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಇಂಥ ದಿನ ಫೋನು ಉಸಿರಾಡಲೂ ಬಿಡುವುದಿಲ್ಲ. ಆಕೆ ಕರೆ ಮಾಡಿದ ಹೊತ್ತಿಗೆ ತಾನು ಯಾರದೋ ಶಾಪ ಕೇಳುತ್ತ ಕೂತಿದ್ದರೆ ಗತಿಯೇನು ಎಂದು ಅವನಿಗೆ ರಾತ್ರಿಯೇ ನಿದ್ದೆ ಬಂದಿರಲಿಲ್ಲ. ಯಾವುದೋ ತಂತಿ ಸರಿಪಡಿಸಲು ಗಾರ್ಥ್ ಬಂದದ್ದನ್ನು ಕಂಡು ಲೈಲನಿಗೆ ದೇವರೇ ಬಂದಂತಾಯಿತು. ತನ್ನ ಹೆಂಡತಿ ಮಾರ್ಲೀನ್ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಊಟದ ಚೀಲದಿಂದ ತೆಗೆದು ಗಾರ್ಥನ ಕೈಗಿಟ್ಟ.

"ಇವತ್ತೊಂದು ದಿನ ನನ್ನನ್ನ ಸಾಲಿನ ಕೊನೆಗೆ ಹಾಕು ಮಾರಾಯ. ನನ್ನ ಫೋನು ಖಾಲಿ ಇರ್ಬೇಕು."

"ಕೊನೆಗೆ ಹಾಕಿದ್ರೆ ಬರೀ ಖಾಲಿಯಲ್ಲ, ಜೇಡ ಬಲೆ ಕಟ್ಟುತ್ತೆ," ಎಂದು ಗಾರ್ಥ್ ಮುಚ್ಚಳ ತೆಗೆದು ಮೂಸಿ ನೋಡಿದ.

ಒಂಬತ್ತಕ್ಕೆ ಮೊದಲ ಗಂಟೆ ಡೋರೀನಳ ಮೇಜಿನಲ್ಲಿ ಬಡಿಯಿತು. ಅವಳು ಹೆಣಿಗೆ ಕೆಳಗಿಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. ಹತ್ತೂವರೆಗೆ ಅವಳ ದನಿ ಗೊಗ್ಗರಾಗಿತ್ತು.

"ಲೈಲ್, ನಿನ್ನ ಫೋನಿಗೇನು ದೊಡ್ಡ ರೋಗ?"

"ವಿಶ್ರಾಂತಿಯಲ್ಲಿದೆ."

"ಅದರ ಯಜಮಾನ ನೀನೂ ಅದನ್ನೇ ನೋಡ್ತಾ ಕೂತಿದ್ದೀಯಲ್ಲ. ಮೊಟ್ಟೆ ಇಡುತ್ತೇನು ಅದು?"

ಹನ್ನೊಂದಕ್ಕೆ ಅದು ಕೊನೆಗೂ ಬಡಿಯಿತು. ಲೈಲ್ ಗಂಟಲು ಸರಿಮಾಡಿಕೊಂಡು, ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ದನಿಯಲ್ಲಿ "ನಮಸ್ಕಾರ" ಎಂದ.

"ಯಾರಾದ್ರೂ ಸತ್ರೇನ್ರೀ?" ಎಂದಳು ಮಾರ್ಲೀನ್. "ಇರಲಿ, ಆಯಮ್ಮ ಫೋನ್ ಮಾಡಿದ್ರಾ? ಮೊದಲು ಡೋರೀನ್ ಯಾಕೆ ಎತ್ತಿದ್ಲು? ಅವಳೇ ನಿಮಗೆ ಕೊಟ್ಟಳು."

"ನಾನೀಗ ಕೊನೇಲಿದೀನಿ ಕಣೇ. ಇಡು, ಇಡು."

"ಹಾಗಾದ್ರೆ ಆಯಮ್ಮ ಮಾಡಿದಾಗ—"

ಅವಳ ಮಾತು ಮುಗಿಯುವ ಮೊದಲೇ ಲೈಲ್ ಫೋನ್ ಇಟ್ಟು ಡೋರೀನಳ ಕಡೆ ತಿರುಗಿದ. "ಇವತ್ತು ಯಾರೇ ನನ್ನ ಕೇಳಿದ್ರೂ ನನಗೆ ಕೊಡಬೇಡ. ಹೆಂಡತಿಗಾಗಲಿ, ಮಹಾರಾಣಿಗಾಗಲಿ ಇಲ್ಲ ಅನ್ನು. ನಾನೊಂದು ಮುಖ್ಯವಾದ ಕರೆ ಕಾಯ್ತಿದೀನಿ."

"ಆಯ್ತಪ್ಪ," ಎಂದಳು ಡೋರೀನ್. ಅವಳ ಫೋನು ಆಗಲೇ ಬಡಿಯುತ್ತಿತ್ತು.

ಅವನು ಊಟಕ್ಕೆ ಏಳಲಿಲ್ಲ, ಶೌಚಾಲಯಕ್ಕೂ ಹೋಗಲಿಲ್ಲ. ಎರಡು ಗಂಟೆಗೆ ಉಳಿದ ಮೂರೂ ಫೋನುಗಳು ಮಾತಿನಲ್ಲಿದ್ದಾಗ ಕರೆಯೊಂದು ಜಾರಿ ಅವನ ಮೇಜಿಗೆ ಬಂತು. ಬೆಳಗಿನಿಂದ ಫರ್ನೇಸು ಕೆಟ್ಟು ಕೂತಿದ್ದ ಒಬ್ಬ ಮುದುಕಿ. "ಕಾಲು ಮರಗಟ್ಟಿದೆ ಮಗಾ," ಎಂದಳು. ಲೈನು ಹಿಡಿದಿಟ್ಟುಕೊಳ್ಳಲು ಲೈಲನಿಗೆ ಧೈರ್ಯ ಬರಲಿಲ್ಲ. "ಹತ್ತು ನಿಮಿಷ ಬಿಟ್ಟು ಮಾಡಿ ಅಜ್ಜಿ," ಎಂದು ಇಟ್ಟುಬಿಟ್ಟ. ಹಾಗೆ ಇಟ್ಟದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ಹ್ಯಾಮಿಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಿನ್ನನ್ನ ಕೊನೆಗೆ ಹಾಕಿದವರ್ಯಾರು?" ಎಂದಷ್ಟೇ ಕೇಳಿ ಒಳಗೆ ಹೋದ.

ಐದಕ್ಕೆ ಹತ್ತು ನಿಮಿಷವಿದ್ದಾಗ ಡೋರೀನ್ ಕೋಟು ಹಾಕಿಕೊಂಡು ಅವನ ಮೇಜಿಗೆ ಬಂದಳು. "ಲೈಲ್, ಸಿಗರ್ಡ್‌ಸನ್ ಅಂತ ಯಾರಾದ್ರೂ ಗೊತ್ತಾ?"

ಲೈಲ್ ಎದ್ದು ನಿಂತ. "ಎಲ್ಲಿಗೆ ಮಾಡಿದ್ರು?"

"ಎಲ್ಲಿಗೆ ಅಂದ್ರೆ? ನೀನು ಅರ್ಜೀಲಿ ಕೊಟ್ಟ ನಂಬರಿಗೆ. ಆಫೀಸಿನ ನಂಬರಿಗೆ."

ಲೈಲ್ ಫೋನನ್ನು ಮಗುಚಿ ನೋಡಿದ. ನೇರವಾಗಿ ಅವನ ಮೇಜಿಗೇ ಬರುವ ಬೇರೊಂದು ನಂಬರಿನ ಚೀಟಿ ತಳದಲ್ಲಿ ಅಂಟಿತ್ತು. ಒಂಬತ್ತು ವರ್ಷ ಕಂಪನಿಯ ಕರೆಯೆಲ್ಲ ತನಗೇ ಬರುತ್ತಿದ್ದುದರಿಂದ, ಕಂಪನಿಯ ನಂಬರೇ ತನ್ನ ನಂಬರೆಂದು ಅವನು ಎಲ್ಲರಿಗೂ ಕೊಟ್ಟಿದ್ದ.

"ನನಗೆ ಯಾಕೆ ಕೊಡ್ಲಿಲ್ಲ?"

"ಮಹಾರಾಣಿಗೂ ಇಲ್ಲ ಅನ್ನು ಅಂದೆಯಲ್ಲ. ಲೈಲ್ ಇವತ್ತು ಫೋನ್ ಎತ್ತಲ್ಲ ಅಂದೆ, ಸುಳ್ಳೇನು? ಹಾಗೇ ಮಾತು ಬೆಳೀತು. ನನ್ನ ಗೊಗ್ಗರು ದನಿ ಅವರಿಗೆ ಹಿಡಿಸಿತಂತೆ, ಅತ್ತು ಅತ್ತು ಬಂದ ಹಾಗಿದೆ ಅಂದ್ರು. ಒಂದನೇ ತಾರೀಖಿಂದ ಬರೋಕೆ ಹೇಳಿದಾರೆ. ನಿನಗೇನೂ ಬೇಜಾರಿಲ್ಲ ತಾನೇ?"

ಲೈಲನಿಗೆ ಅಳು ಬಂತು. ಆದರೆ ಮೊದಲು ಶೌಚಾಲಯಕ್ಕೆ ಹೋಗಬೇಕಿತ್ತು.

ಒಂದನೇ ತಾರೀಖು ಗಾರ್ಥ್ ಬಂದು ಅವನನ್ನು ಮತ್ತೆ ಮೊದಲನೆಯವನಾಗಿಸಿದ. ಡೋರೀನಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಹ್ಯಾಮಿಲ್ ಹೇಳಿದ್ದರಿಂದ ಅವಳ ಫೋನನ್ನೂ ಎತ್ತಿ ತಂದು ಲೈಲನ ಮೇಜಿನ ಮೇಲಿಟ್ಟ. "ಈಗ ಒಂದೂ ನೀನೇ, ಎರಡೂ ನೀನೇ. ಉಪ್ಪಿನಕಾಯಿ ಚೆನ್ನಾಗಿತ್ತು ಕಣೋ," ಎಂದ.

ಅವನು ಬಾಗಿಲು ದಾಟುವಷ್ಟರಲ್ಲಿ ಒಂದನೇ ಫೋನು ಬಡಿಯಿತು.

"ಲೈಲ್, ನಾನು ಡೋರೀನ್," ಎಂದಿತು ಮೆಲ್ಲನೆಯ ದನಿ. "ಇಲ್ಲಿ ಬೆಳಗಿನಿಂದ ಒಂದು ಫೋನೂ ಇಲ್ಲ, ತುಂಬ ಬೇಜಾರು. ಯಾರ ಹತ್ರ ಮಾತಾಡ್ಲಿ ಅಂತ ಯೋಚಿಸ್ದೆ. ನೀನಾದ್ರೆ ತಕ್ಷಣ ಎತ್ತುತ್ತೀಯಲ್ಲ."

ಲೈಲ್ ಏನೋ ಹೇಳಹೊರಟ. ಎರಡನೆಯದು ಬಡಿಯತೊಡಗಿತು.