ಲೇತಿಗೊಂದು ಲಿಂಬಿಹಣ್ಣು

"ಲೇತು ತರ್ರಿ. ಲಿಂಬಿಹಣ್ಣು ಮರೀಬ್ಯಾಡ್ರಿ."

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಹೇಳಿದ ಕಡೇ ಮಾತು ಇದು. ಹೇಳಿ ಮಲಗಿದಳು. ಮತ್ತೆ ಏಳಲಿಲ್ಲ. ಬೇರೆಯವರ ಹೆಂಡಂದಿರು ಮನೆ, ಮಕ್ಕಳು ಅಂತ ಹೇಳಿ ಹೋಗುತ್ತಾರೆ. ನಮ್ಮಾಕಿ ಲೇತು ಅನ್ನೋ ಕಬ್ಬಿಣ ಕಡೆಯುವ ಮಷೀನಿನ ಮಾತು ಹೇಳಿ ಹೋದಳು.

ಹಳೇ ಮಷೀನು ತರಲು ಹೋದಲ್ಲೆಲ್ಲ ಏನಾದರೊಂದು ಆಗೇ ಆಗುತ್ತದೆ. ಆಕಿ ಜೊತೆಗಿದ್ದರೆ ಎರಡು ಆಗುತ್ತಿತ್ತು.

ನೀರು

ನಾನು ಹೆಚ್ಚು ಕಲಿತವನಲ್ಲ. ಹುಬ್ಬಳ್ಳಿಯಲ್ಲಿ ಕಬ್ಬಿಣದ ಕೆಲಸ ಕಲಿತೆ, ಪರದೇಶಕ್ಕೆ ಬಂದು ಇಲ್ಲಿಯ ಫ್ಯಾಕ್ಟರಿಯಲ್ಲಿ ಅದನ್ನೇ ಮಾಡಿದೆ. ರಿಟೈರ್ ಆದ ಮೇಲೆ ಗ್ಯಾರೇಜಿನಲ್ಲಿ ಸಣ್ಣ ವರ್ಕ್‌ಶಾಪ್ ಹಾಕಿದೆ. ಎಲ್ಲಾ ಸೆಕೆಂಡ್ ಹ್ಯಾಂಡ್ ಮಷೀನು.

ನಾನು ಮಷೀನನ್ನು ಕಿವಿಯಿಂದ ನೋಡುವವನು. ಆಕಿಯ ಪರೀಕ್ಷೆ ಬೇರೆ. ಸ್ಟೀಲ್ ಲೋಟದ ತುಂಬ ನೀರು ಹಾಕಿ, ಓಡುವ ಮಷೀನಿನ ಮೇಲೆ ಇಡುವುದು. ಚೆಲ್ಲಿದರೆ ಬೇಡ.

ಸ್ಟ್ರೀಟ್ಸ್‌ವಿಲ್‌ನಲ್ಲಿ ಒಬ್ಬ ಡ್ರಿಲ್ಲಿಂಗ್ ಮಷೀನು ಮಾರುತ್ತಿದ್ದ. ಚಾಲೂ ಮಾಡಿದ. ಆಕಿ ಲೋಟ ಇಟ್ಟಳು. ಅವನು ಥ್ಯಾಂಕ್ಯೂ ಅಂದು ಎತ್ತಿ ಕುಡಿದ. ಆಕಿ ಮತ್ತೆ ತುಂಬಿ ಇಟ್ಟಳು. ಮರ್ಯಾದಸ್ಥ ಮನುಷ್ಯ, ಅದನ್ನೂ ಕುಡಿದ. ಆಕಿ ಮತ್ತೆ ಬಾಟ್ಲಿಗೆ ಕೈ ಹಾಕಿದಾಗ ಅವನು ನನ್ನ ಕಡೆ ತಿರುಗಿ, ರೇಟು ಇಳಿಸುತ್ತೇನೆ, ಇನ್ನು ಕುಡಿಯಲಾರೆ ಅಂದ.

ಕಾರಿನಲ್ಲಿ ಆಕಿ ಅಂದಳು: "ಚೌಕಾಸಿ ಮಾಡೂದು ಹಿಂಗ ನೋಡ್ರಿ."

ಲಿಂಬಿಹಣ್ಣು

ಎಟೋಬಿಕೋಕ್‌ನಲ್ಲಿ ಒಬ್ಬ ಮುದುಕನ ಹತ್ತಿರ ಕಬ್ಬಿಣ ಕೊಯ್ಯುವ ಗರಗಸದ ಮಷೀನು ಕೊಂಡೆವು. ವ್ಯಾನಿಗೆ ಏರಿಸಿದೆವು. ಹೊರಡುವ ಮೊದಲು ಆಕಿ ಮುಂದಿನ ಗಾಲಿಗೆ ಲಿಂಬಿಹಣ್ಣು ಇಟ್ಟಳು. ಮುದುಕ ಎತ್ತಿ ತಂದು ಕೊಟ್ಟ. ಮ್ಯಾಮ್, ನಿಮ್ಮ ಲೆಮನ್ ಬಿದ್ದಿದೆ ಅಂದ. ಆಕಿ ಮತ್ತೆ ಇಟ್ಟಳು. ಈ ಸಲ ಅವನು ಕರ್ಚೀಫಿನಿಂದ ಒರೆಸಿ ಕೊಟ್ಟ.

ಗಾಲಿ ಕೆಳಗೆ ಅದು ಒಡೆಯಬೇಕು, ಇಲ್ಲದಿದ್ದರೆ ದಾರಿಯಲ್ಲಿ ಆಕ್ಸಿಡೆಂಟ್ ಆಗುತ್ತದೆ ಅಂತ ಆಕಿ ತನ್ನ ಇಂಗ್ಲಿಷಿನಲ್ಲಿ ತಿಳಿಸಿದಳು. ಮುದುಕ ಬಗ್ಗಿ ವ್ಯಾನಿನ ಕೆಳಗೆ ನೋಡುತ್ತಾ ಕೇಳಿದ:

"ಬ್ರೇಕ್ ಸರಿ ಇಲ್ಲವಾ?"

ಲೇತು

ಆ ಮುದುಕನ ಶೆಡ್ಡಿನಲ್ಲೇ ಚಾದರ ಹೊದಿಸಿದ ಒಂದು ಲೇತು ಇತ್ತು. ಅದರ ಮೇಲೆ ಕಣ್ಣು ಬಿದ್ದದ್ದು ಮೊದಲು ಆಕಿಗೆ. ಮನೆ ಬಿಟ್ಟು ಕಾಂಡೋ ಫ್ಲ್ಯಾಟಿಗೆ ಹೋಗುವಾಗ ನಿಮಗೇ ಕೊಡುತ್ತೇನೆ ಅಂದಿದ್ದ ಮುದುಕ.

ಲೇತು ಒಯ್ಯಿರಿ ಅಂತ ಅವನ ಫೋನ್ ಬಂದಾಗ ಆಕಿ ಆಸ್ಪತ್ರೆಯಲ್ಲಿದ್ದಳು. ಆಕಿ ಹೋದ ಮೇಲೆ ನಾನು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಮುದುಕ ಮತ್ತೆ ಫೋನ್ ಮಾಡಿದ. ಸುದ್ದಿ ಹೇಳಿದೆ. ಲೇತು ಬಹಳ ಮಂದಿ ಕೇಳಿದರು, ಯಾರಿಗೂ ಕೊಟ್ಟಿಲ್ಲ, ಆದರೆ ಈ ವಾರ ಮನೆ ಖಾಲಿ ಮಾಡಬೇಕು ಅಂದ.

ಹೋದೆ. ಲೇತು ವ್ಯಾನಿಗೆ ಏರಿತು. ಸ್ಟೇರಿಂಗ್ ಹಿಡಿದಾಗ ನೆನಪಾಯಿತು. ಲಿಂಬಿಹಣ್ಣು ತಂದಿಲ್ಲ. ಆಕಿಯ ಕಡೇ ಮಾತು, ಅದನ್ನೇ ಮರೆತಿದ್ದೆ. ಎಂಜಿನ್ ಬಂದ್ ಮಾಡಿ ಕೂತುಬಿಟ್ಟೆ. ಗಾಡಿ ಮುಂದೆ ಒಯ್ಯಲು ಮನಸ್ಸಾಗಲಿಲ್ಲ.

ಮುದುಕ ಕಿಟಕಿಗೆ ಬಂದ. ಲೆಮನ್ ಅಂದೆ.

ಅವನು ಒಳಗೆ ಹೋದ. ಮನೆಯಲ್ಲಿ ಫ್ರಿಜ್ ಒಂದೇ ಉಳಿದಿತ್ತು. ಹಳದಿಯದೇನೋ ತಂದು ಗಾಲಿಗೆ ಸರಿಯಾಗಿ ಇಟ್ಟು, ಅಲ್ಲೇ ಪಕ್ಕದಲ್ಲಿ ಟೋಪಿ ತೆಗೆದು ನಿಂತ. ನಾನು ಗಾಡಿ ಬಿಟ್ಟೆ.

ಫಟ್ ಅಂತು.

ಇಳಿದು ನೋಡಿದರೆ ಲಿಂಬಿಹಣ್ಣಿನ ಆಕಾರದ ಪ್ಲಾಸ್ಟಿಕ್ ಬಾಟ್ಲಿ. ಒಳಗೆ ಲಿಂಬಿರಸ. ಅಷ್ಟೂ ಮುದುಕನ ಪ್ಯಾಂಟು, ಅಂಗಿ, ಮುಖದ ಮೇಲೆ. ಕಣ್ಣು ಒರೆಸಿಕೊಳ್ಳುತ್ತಾ ಅವನು ಅಂದ:

"ದೂರ ನಿಲ್ಲಬೇಕು ಅಂತ ನಿಮ್ಮ ಹೆಂಡತಿ ಹೇಳಿರಲಿಲ್ಲ."

ಇಬ್ಬರೂ ನಕ್ಕೆವು. ನಾನು ಹೈವೇ ಸೇರುವ ತನಕ ನಗುತ್ತಲೇ ಇದ್ದೆ. ದಾರಿಯಲ್ಲಿ ಆಕ್ಸಿಡೆಂಟ್ ಆಗಲಿಲ್ಲ. ಸಂಜೆ ಅಕ್ಕಪಕ್ಕದವರು ಸೇರಿ ಲೇತು ಇಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಲೇತು ಚಾಲೂ ಮಾಡಿದೆ. ಸ್ಟೀಲ್ ಲೋಟದ ತುಂಬ ನೀರು ಹಾಕಿ ಮೇಲೆ ಇಟ್ಟೆ. ಒಂದು ಹನಿ ಚೆಲ್ಲಲಿಲ್ಲ.

ನಾನೇ ಎತ್ತಿ ಕುಡಿದೆ.